ಬದುಕಿದ್ದವನಿಗೆ ಹೊಡೆದ ಗಂಟೆ

ನನ್ನ ಮಾವನನ್ನು ನಮ್ಮ ಚರ್ಚಿನ ಇಡೀ ಸಭೆ ಸಂತ ಎಂದು ಹೊಗಳತೊಡಗಿದ್ದು ಒಂದು ಮಧ್ಯಾಹ್ನ ಊಟದ ಹೊತ್ತಿಗೆ. ಅದೇ ದಿನ ಬೆಳಗ್ಗೆಯವರೆಗೂ ಅವರು ಬರೀ ‘ಟಿಕ್‌ಟಿಕ್’. ಗಡಿಯಾರ ರಿಪೇರಿ ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಅಡ್ಡಹೆಸರು ಹುಡುಕುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಸಂತನ ಬಟ್ಟೆ ಒಗೆಯುವುದು, ಸಂತನಿಗೆ ಕಾಫಿ ಸೋಸುವುದು, ಸಂತ ಕಿತ್ತು ಪಕ್ಕಕ್ಕಿಟ್ಟ ಬ್ರೆಡ್ಡಿನ ಅಂಚುಗಳನ್ನು ಬಳಿಯುವುದು ಎಲ್ಲ ಸೊಸೆಯಾದ ನನ್ನ ಪಾಲಿಗೆ ಬಂತು. ಅದೇನು ದೊಡ್ಡ ಮಾತಲ್ಲ. ಅವರು ಸಂತರಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತಲ್ಲ, ಅದು ಕಷ್ಟದ್ದು.

ನಮ್ಮ ರಸ್ತೆ ಇಳಿಜಾರಿನದು. ಮೇಲ್ತುದಿಯಲ್ಲಿ ಚರ್ಚು, ಕೆಳತುದಿಯಲ್ಲಿ ಜೈಲು, ನಡುವೆ ನಮ್ಮ ಮನೆ. ಮನೆಯ ಕೆಳಗಿನ ಕೋಣೆಯೇ ಮಾವನ ಅಂಗಡಿ. ಒಂದು ಮೇಜು, ಅದರ ಮೇಲೆ ಕತ್ತು ಬಗ್ಗಿಸಿದ ದೀಪ, ಸಣ್ಣ ತಿರುಪು ತುಂಬಿದ ಹಳೆಯ ಔಷಧಿ ಡಬ್ಬಿಗಳು, ಗೋಡೆಯ ತುಂಬ ಜನ ತಂದುಕೊಟ್ಟು ಮರೆತ ಗಡಿಯಾರಗಳು. ಯಾವ ಎರಡು ಗಡಿಯಾರಗಳೂ ಒಂದೇ ಸಮಯ ತೋರಿಸುತ್ತಿರಲಿಲ್ಲ. “ಸರಿಯಾದ ಟೈಮ್ ಯಾವುದು?” ಎಂದು ಗಿರಾಕಿ ಕೇಳಿದರೆ, “ನಿಮಗೆ ಯಾವುದು ಅನುಕೂಲ?” ಎನ್ನುತ್ತಿದ್ದರು. ಅವರ ಜೀವಮಾನದ ಹಾಸ್ಯ ಅದೊಂದೇ, ಅದನ್ನೇ ಎಲ್ಲರಿಗೂ ಹಂಚುತ್ತಿದ್ದರು. ಜಗಳ ಅಂತ ಅವರು ಆಡಿದ್ದನ್ನು ನಾನು ನೋಡಿಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು, ಅಷ್ಟೇ. ಮಾತಾಡದವರನ್ನು ಜನ ಒಳ್ಳೆಯವರು ಎಂದುಕೊಳ್ಳುತ್ತಾರೆ. ನಾನು ಮಾತಾಡುವವಳು, ನನ್ನ ಬಗ್ಗೆ ಜನ ಏನೆಂದುಕೊಂಡಿದ್ದಾರೆ ಅಂತ ನನಗೆ ಗೊತ್ತು.

ಭಾನುವಾರದ ಗಂಟೆಯನ್ನು ಯಾರು ಬೇಕಾದರೂ ಹೊಡೆಯಬಹುದಿತ್ತು. ಸಾವಿನ ಗಂಟೆ ಮಾತ್ರ ಮಾವನದು. ಆ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದವರು ಯಾರು ಸತ್ತರೂ, ಎಲ್ಲಿ ಸತ್ತರೂ, ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ಏಟು. ಹೊಡೆದು, ಹಗ್ಗ ಹಿಡಿದು ನಿಂತು, ಗೋಪುರದ ತೊಲೆಗಳೊಳಗೆ ಅದರ ಗುಂಯ್‌ ಪೂರ್ತಿ ಅಡಗಿದ ಮೇಲೆಯೇ ಮುಂದಿನದು. ಮುದುಕರು ಸತ್ತರೆ ಹಾಲು ಕಾಯಿಸಿ, ಕುಡಿದು, ಲೋಟ ತೊಳೆದಿಟ್ಟರೂ ಗಂಟೆ ಮುಗಿಯುತ್ತಿರಲಿಲ್ಲ. “ಬೇಗ ಬೇಗ ಹೊಡೆದ್ರೆ ಎಲ್ಲೋ ಬೆಂಕಿ ಬಿತ್ತು ಅಂದ್ಕೋತಾರೆ” ಎನ್ನುತ್ತಿದ್ದರು ಮಾವ. ಹಾಗಾಗಿ ಅವರ ಕೈಯಲ್ಲಿ ಸತ್ತವರಿಗೆ ಅವಸರ ಇರಲಿಲ್ಲ.

ಮಾವನ ತಮ್ಮ, ನನಗೆ ಚಿಕ್ಕಮಾವ, ಮರದ ಡಿಪೋದಲ್ಲಿ ತೂಕದ ಗುಮಾಸ್ತರಾಗಿದ್ದರು. ಲಾರಿ ತೂಗಿ ಚೀಟಿ ಕೊಡುವ ಕೆಲಸ. ಒಬ್ಬ ಡ್ರೈವರ್ ಸರಕಿನ ಕೆಳಗೆ ಕಲ್ಲು ತುಂಬಿ ತೂಕ ಏರಿಸುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಮೇಲಿನವರ ಕಿವಿಗೆ ಹಾಕುತ್ತಿದ್ದರು. ಇವರು ಡ್ರೈವರನನ್ನೇ ಪಕ್ಕಕ್ಕೆ ಕರೆದು, ನಾಳೆಯಿಂದ ಬಿಟ್ಟುಬಿಡು, ನಾನು ಯಾರಿಗೂ ಹೇಳಲ್ಲ ಎಂದರು. ಡ್ರೈವರ್ ನಾಳೆಯ ತನಕ ಕಾಯಲಿಲ್ಲ. ಕಬ್ಬಿಣದ ಸರಳಿನಿಂದ ಹೊಡೆದು, ಇನ್ನೂ ಉಸಿರಿದ್ದಾಗಲೇ ತೂಕದ ಕೋಣೆಗೆ ತಳ್ಳಿ, ಹೊರಗಿನಿಂದ ಚಿಲಕ ಹಾಕಿ ಬೆಂಕಿ ಕೊಟ್ಟ. ಉಸಿರಿತ್ತು ಎಂಬ ಒಂದು ಮಾತಿಗಾಗಿಯೇ ನ್ಯಾಯಾಧೀಶರು ಗಲ್ಲು ಬರೆದದ್ದು.

ತಮ್ಮನ ಗಂಟೆಯನ್ನು ತಾವೇ ಹೊಡೆಯುತ್ತೇನೆಂದು ಮಾವ ಹಠ ಹಿಡಿದು ಗೋಪುರ ಹತ್ತಿದರು. ಕೈ ನಡುಗಿತು. ಏಟುಗಳು ಒಂದರ ಮೇಲೊಂದು ಬಿದ್ದವು, ಕೆಲವು ಬೀಳಲೇ ಇಲ್ಲ. ಕೆಳಗೆ ನಿಂತವರು ಎಣಿಸುವುದನ್ನು ಬಿಟ್ಟು ತಲೆ ತಗ್ಗಿಸಿದರು. “ತಮ್ಮನ ವಯಸ್ಸನ್ನೂ ನೆಟ್ಟಗೆ ಹೇಳೋಕಾಗ್ಲಿಲ್ಲ ನನ್ನ ಕೈಯಲ್ಲಿ” ಎಂದು ಮನೆಗೆ ಬಂದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಡ್ರೈವರ್ ಹೊರಗಿನವನಾಗಿದ್ದರೆ ಸಭೆಗೆ ತಲೆನೋವು ಇರುತ್ತಿರಲಿಲ್ಲ. ಅವನು ನಮ್ಮ ಚರ್ಚಿನಲ್ಲೇ ದೀಕ್ಷಾಸ್ನಾನ ಪಡೆದವನು, ನಮ್ಮ ಗಾಯನ ತಂಡದಲ್ಲೇ ಹಾಡಿ ಬೆಳೆದವನು. ಹಾಗಾಗಿ ಅವನಿಗೆ ಗಲ್ಲು ಎಂದು ಗೊತ್ತಾದ ವಾರದಿಂದ ಸಭೆ ಎರಡು ಹೋಳಾಯಿತು.

ಒಂದು ಹೋಳಿಗೆ ಪಾದ್ರಿಗಳು ಮುಂದಾಳು. ಹೊಡೆದವನಿಗೆ ಇನ್ನೊಂದು ಕೆನ್ನೆ ತೋರಿಸು ಎಂಬ ಮಾತು ಬಾರದ ಭಾನುವಾರದ ಪ್ರಸಂಗವನ್ನು ಅವರು ಮಾಡಿದ್ದೇ ಇಲ್ಲ. ಇನ್ನೊಂದು ಹೋಳಿಗೆ ಕಲಂ ಹಿರಿಯರು. ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ಇವರಿಗೆ ಕಾಫಿಗೆ ಸಕ್ಕರೆ ಹೆಚ್ಚಾದರೂ ಅದು ಯಾವುದೋ ಕಲಮಿನ ಕೆಳಗೆ ಅಪರಾಧ. ಪ್ರತಿ ಬುಧವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಇಬ್ಬರ ಕುಸ್ತಿ. ಮಡಚುವ ಕುರ್ಚಿಗಳನ್ನು ಯಾರೂ ಮಡಚುತ್ತಿರಲಿಲ್ಲ.

“ಪ್ರಳಯ ಇಳಿದ ಮೇಲೆ ದೇವರೇ ಹೇಳಿದ್ದು, ಮನುಷ್ಯನ ರಕ್ತ ಸುರಿಸಿದವನ ರಕ್ತ ಮನುಷ್ಯನ ಕೈಯಿಂದಲೇ ಸುರೀಬೇಕು ಅಂತ” ಎಂದು ಕಲಂ ಹಿರಿಯರು ಶುರುಮಾಡುವರು. “ಯಾಕೆ? ಮನುಷ್ಯ ದೇವರ ರೂಪ. ದೇವರ ರೂಪ ಒಡೆದವನಿಗೆ ಅಗ್ಗದ ಶಿಕ್ಷೆ ಕೊಟ್ರೆ ಆ ರೂಪಾನೇ ಅಗ್ಗ ಮಾಡಿದ ಹಾಗೆ.”

“ಡ್ರೈವರನಲ್ಲೂ ಅದೇ ರೂಪ ಇದೆಯಲ್ಲ? ಒಂದು ಒಡೀತು ಅಂತ ಇನ್ನೊಂದನ್ನೂ ಒಡೀಬೇಕಾ?” ಎಂದು ಪಾದ್ರಿಗಳು. “ಮೊಟ್ಟಮೊದಲ ಕೊಲೆ ಅಣ್ಣ ತಮ್ಮನನ್ನ ಕೊಂದದ್ದು. ದೇವರು ಆ ಅಣ್ಣನನ್ನ ಗಲ್ಲಿಗೆ ಹಾಕಿದನಾ? ಇವನನ್ನ ಯಾರೂ ಕೊಲ್ಲಬಾರದು ಅಂತ ಗುರುತು ಹಾಕಿ ಕಳಿಸಿದ.”

“ಆಗಿನ್ನೂ ಸರ್ಕಾರ ಇರಲಿಲ್ಲ. ಆಮೇಲೆ ಬಂತು. ಅಧಿಕಾರಿ ಕತ್ತಿ ಕಟ್ಟಿಕೊಂಡಿರೋದು ಚೆಂದಕ್ಕಲ್ಲ, ಅವನು ದೇವರ ಸೇವಕ ಅಂತ ಯೇಸುವಿನ ಮಾತು ಸಾರಿದ ಅಪೊಸ್ತಲನೇ ಬರೆದಿದಾನೆ.”

“ಬರೆದ. ಅದೇ ಸರ್ಕಾರದ ಕತ್ತಿ ಬರೆದವನ ಕತ್ತನ್ನೇ ಕತ್ತರಿಸ್ತು.”

“ಶಿಲುಬೆ ಮೇಲಿದ್ದ ಕಳ್ಳ ಏನಂದ? ನಮಗೆ ಆಗ್ತಿರೋದು ನ್ಯಾಯ ಅಂದ. ಅವನೇ ಒಪ್ಕೊಂಡ ಮೇಲೆ ನಿಮ್ಮದೇನು?”

“ಅವನ ಪಕ್ಕದಲ್ಲಿ ಯಾರು ತೂಗ್ತಿದ್ರು ಹೇಳಿ. ಕೋರ್ಟುಗಳು ತಪ್ಪು ಮಾಡ್ತಾವೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?”

“ಹಾಗಾದ್ರೆ ಯೇಸುವಿಗೆ ಮರಣದಂಡನೆ ಆಗಬಾರದಿತ್ತು ಅಂತೀರಾ? ಆಗದೇ ಇದ್ದಿದ್ರೆ ನಮ್ಮ ರಕ್ಷಣೆ ಎಲ್ಲಿರ್ತಿತ್ತು?” ಎಂದು ಒಂದು ಬುಧವಾರ ಕಲಂ ಹಿರಿಯರು ಕೇಳಿಬಿಟ್ಟರು.  ಆ ದಿನ ಕೇಳಿದವರೂ ಸೇರಿ ಎಲ್ಲರೂ ಕುರ್ಚಿಗಳನ್ನು ಬೇಗ ಮಡಚಿದರು.

ಇಷ್ಟಾಗಿ ಕಲಂ ಹಿರಿಯರು ಒಂದು ಇಲಿಯನ್ನು ಕೊಲ್ಲಲಾರರು. ಬೋನಿನಲ್ಲಿ ಹಿಡಿದು, ಬೋನಿನ ಮೇಲೆ ಬಟ್ಟೆ ಹೊದಿಸಿ, ಸೇತುವೆಯ ಆಚೆ ಬಿಟ್ಟು ಬರುತ್ತಿದ್ದರು. ಅವರು ಮನೆಗೆ ಬರುವ ಮುಂಚೆ ಇಲಿ ಬಂದಿರುತ್ತಿತ್ತು ಎಂದು ಅವರ ಹೆಂಡತಿಯೇ ಹೇಳಿದ್ದು. ಪಾದ್ರಿಗಳಾದರೋ ಚರ್ಚಿನ ಹಿಂಬದಿಯ ಕೋಣೆಯಲ್ಲಿ ಇಲಿಪಾಷಾಣ ಇಡಿಸಿದ್ದರು, ಎರಡು ಬಗೆಯದು. ಈ ಮಾತನ್ನು ನಾನು ಒಮ್ಮೆ ಎತ್ತಿದಾಗ ಪಾದ್ರಿಗಳು ನನ್ನ ಕಡೆ ತೋರಿಸಿದ್ದು ಕೆನ್ನೆಯನ್ನಲ್ಲ, ಬೆನ್ನನ್ನು.

ಎರಡು ಕಡೆಯವರಿಗೂ ಮಾವ ಬೇಕಾಗಿದ್ದರು. ಸತ್ತವನ ಒಡಹುಟ್ಟಿದ ಅಣ್ಣ ನಮ್ಮ ಕಡೆ ಎಂದರೆ ವಾದ ಅರ್ಧ ಗೆದ್ದಂತೆ. ಪಾದ್ರಿಗಳು ಅಂಗಡಿಗೆ ಬಂದು, “ದ್ವೇಷದಿಂದ ಏನು ಸಿಗುತ್ತೆ ಹೇಳಿ” ಎಂದರೆ ಮಾವ “ಹ್ಞೂಂ” ಎನ್ನುವರು. ಕಲಂ ಹಿರಿಯರು ಬಂದು, “ನ್ಯಾಯ ಆಗ್ಲೇಬೇಕಲ್ಲ” ಎಂದರೆ ಅದಕ್ಕೂ “ಹ್ಞೂಂ”. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಹೊಟ್ಟೆ ನೋಡುವವನ ಹ್ಞೂಂ ಅದು. ಅದನ್ನು ಎತ್ತಿಕೊಂಡು ಹೋಗಿ ಇಬ್ಬರೂ ತಮ್ಮ ತಮ್ಮ ಪಾಲಿಗೆ ಸೇರಿಸಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ದಿನಕ್ಕೊಂದು ಉತ್ತರ ಕೊಡುತ್ತಿದ್ದೆ. ಚಿಕ್ಕಮಾವನ ಹೆಂಡತಿಯನ್ನೂ ಕೇಳಲಿಲ್ಲ. ಚಿಕ್ಕತ್ತೆ ನಮ್ಮೆದುರು ಮನೆಯ ಕಿಟಕಿಯ ಬಳಿ ಕೂತು ದರ್ಜಿಗೆ ಅಂಗಿಯ ಗುಂಡಿ ಹೊಲಿದುಕೊಡುತ್ತಿದ್ದರು. ಅವರ ಬಳಿ ಪಾದ್ರಿಗಳು ಪ್ರಾರ್ಥನೆಯನ್ನೂ ಕಲಂ ಹಿರಿಯರು ಪಿಂಚಣಿಯ ಕಾಗದಗಳನ್ನೂ ತೆಗೆದುಕೊಂಡು ಹೋಗುತ್ತಿದ್ದರು, ಪ್ರಶ್ನೆಯನ್ನಲ್ಲ.

ಮಾವ ನನಗೆ ಹೇಳಿದ್ದು ಕಾಫಿ ಲೋಟ ಇಸಿದುಕೊಳ್ಳುವಾಗ. ಕೇಳಿರಲೇ ಇಲ್ಲ ನಾನು.

“ಅವನು ಸಾಯ್ಬೇಕು ಕಣಮ್ಮ. ನಾನೇ ಗಂಟೆ ಹೊಡೀಬೇಕು. ಅಷ್ಟು ಆಗ್ಬಿಟ್ರೆ ಸಾಕು, ಆಮೇಲೆ ನಿದ್ದೆ ಮಾಡ್ತೀನಿ.”

ಸಕ್ಕರೆ ಸಾಲದು ಎನ್ನುವ ದನಿಯಲ್ಲೇ ಹೇಳಿದರು.  ನಾನು ಸಕ್ಕರೆ ಡಬ್ಬಿ ತರಲು ಮೇಲೆ ಹೋದೆ.

ಮೇಲ್ಮನವಿಗಳೆಲ್ಲ ಮುಗಿಯಲು ವರ್ಷಗಳೇ ಹಿಡಿದವು, ಆಮೇಲೆ ಗಲ್ಲಿನ ದಿನ ನಿಗದಿಯಾಯಿತು. ಮರುದಿನವೇ ಸಭೆಗೆ ಹೊಸ ಜಗಳ ಸಿಕ್ಕಿತು, ಡ್ರೈವರನಿಗೆ ಗಂಟೆ ಹೊಡೆಯಬೇಕೋ ಬೇಡವೋ ಎಂದು. ಮೊದಲ ವಾರ ಪಾದ್ರಿಗಳ ಕಡೆಯವರು ಬೇಡ ಎಂದರು, ಸರ್ಕಾರದ ಕೊಲೆಗೆ ಚರ್ಚು ತಾಳ ಹಾಕಿದಂತಾಗುತ್ತದೆ ಎಂದು. ಕಲಂ ಹಿರಿಯರ ಕಡೆಯವರು ಬೇಕು ಎಂದರು, ನ್ಯಾಯಕ್ಕೆ ಗಾಂಭೀರ್ಯ ಬೇಕು ಎಂದು. ಎರಡನೇ ವಾರ ಪಾದ್ರಿಗಳ ಕಡೆಯವರಿಗೆ ಹೊಳೆಯಿತು, ಹೊಡೆದರೆ ಅದು ಪ್ರತಿಭಟನೆ, ಅವನೂ ನಮ್ಮವನೇ ಎಂದು ಊರಿಗೆ ಸಾರಿದಂತೆ. ಕಲಂ ಹಿರಿಯರ ಕಡೆಯವರಿಗೂ ಅದೇ ಹೊಳೆದು, ಕೊಲೆಗಾರನಿಗೆ ವಿಶ್ವಾಸಿಯ ಮರ್ಯಾದೆ ಯಾಕೆ ಎಂದರು. ಎರಡು ಕಡೆಯವರೂ ಜಾಗ ಬದಲಾಯಿಸಿಕೊಂಡದ್ದು ಇಬ್ಬರಿಗೂ ತಿಳಿಯಲಿಲ್ಲ, ಅಷ್ಟು ಜೋರಾಗಿ ಕೂಗಾಡುತ್ತಿದ್ದರು.

ಕೊನೆಗೆ ಹಾವೂ ಸಾಯದ ಕೋಲೂ ಮುರಿಯದ ಒಂದು ನಿರ್ಣಯವಾಯಿತು. ಗಂಟೆ ಹೊಡೆಯುವುದು, ಆದರೆ ಜೈಲಿನ ಸಂಪರ್ಕ ಬೇಡ. ಮುಂಚೆಲ್ಲ ಜೈಲಿನಲ್ಲಿ ಯಾರಾದರೂ ಸತ್ತರೆ ಕಾವಲುಗಾರನೊಬ್ಬ ಏದುಸಿರು ಬಿಡುತ್ತ ರಸ್ತೆ ಹತ್ತಿ ಬಂದು ಗೋಪುರದ ಕೆಳಗೆ ನಿಂತು ಹೇಳುತ್ತಿದ್ದ. ಈ ಸಲ ಅದು ಕೂಡದು. ಜೈಲಿನಿಂದ ಗೋಪುರಕ್ಕೆ ಯಾರೂ ಯಾವ ಸುದ್ದಿಯನ್ನೂ ತರಬಾರದು. ಪತ್ರಿಕೆಯಲ್ಲಿ ಬಂದ ಹೊತ್ತಿಗೆ ಸರಿಯಾಗಿ ಮಾವ ತಾವಾಗಿಯೇ ಗಂಟೆ ಹೊಡೆಯಬೇಕು. ಸರ್ಕಾರದ ರಕ್ತ ನಮಗೆ ಅಂಟುವುದಿಲ್ಲ ಎಂದು ಪಾದ್ರಿಗಳಿಗೆ ಸಮಾಧಾನ, ಕೊಲೆಗಾರನ ನಂಟು ಅಂಟುವುದಿಲ್ಲ ಎಂದು ಕಲಂ ಹಿರಿಯರಿಗೆ ಸಮಾಧಾನ. ಎಲ್ಲರೂ ಕೈಕುಲುಕಿದರು.

ಆ ಬೆಳಗ್ಗೆ ಮಾವ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ಗೋಪುರದ ಮೆಟ್ಟಿಲು ಕಡಿದು, ಮಂಡಿ ನೋವಿನವರು, ಹಾಗಾಗಿ ನಾನೂ ಜೊತೆಗೆ ಹೋದೆ. ಹೊತ್ತಿಗೆ ಸರಿಯಾಗಿ ಹಗ್ಗ ಹಿಡಿದರು. ಅಂಥ ಗಂಟೆಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಒಂದೊಂದು ಏಟೂ ದುಂಡಗೆ, ತುಂಬಿಕೊಂಡು ಇಳಿಯಿತು. ಕೈ ನಡುಗಲಿಲ್ಲ. ಗುಂಯ್‌ ಅಡಗುವ ತನಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ಮುಖದಲ್ಲಿ ಒಂದು ಬಗೆಯ ಹಸಿವು ತೀರುತ್ತಿತ್ತು. ಸ್ವಂತ ತಮ್ಮನಿಗೆ ಬಾರದ ನಾದ ಅವನನ್ನು ಕೊಂದವನಿಗೆ ಬಂತಲ್ಲ ಎಂದುಕೊಂಡೆ. ಕೆಳಗೆ ರಸ್ತೆಯಲ್ಲಿ ಜನ ನಿಂತು ಟೋಪಿ ತೆಗೆದರು. ಇನ್ನೂ ಕೆಳಗೆ, ನಮ್ಮೆದುರು ಮನೆಯಲ್ಲಿ, ಚಿಕ್ಕತ್ತೆಯ ಕಿಟಕಿ ತೆರೆದುಕೊಂಡಿತು.

ಮನೆಗೆ ಬಂದು ಮಾವ ಬ್ರೆಡ್ಡನ್ನು ಅಂಚು ಸಮೇತ ತಿಂದರು. ಅಂಗಡಿ ತೆಗೆದರು. ನಾನು ಮೇಲಿನಿಂದ ಇಣುಕಿ ನೋಡಿದಾಗೆಲ್ಲ ಒಂದು ಹಳೆಯ ಗೋಡೆ ಗಡಿಯಾರವನ್ನು ಬಿಚ್ಚುತ್ತಿದ್ದರು, ಇಲ್ಲವೇ ಜೋಡಿಸುತ್ತಿದ್ದರು. ಆ ಗಡಿಯಾರಕ್ಕೆ ಏನೂ ಆಗಿರಲಿಲ್ಲ. ನಿದ್ದೆ ಮಾಡುತ್ತೇನೆ ಎಂದಿದ್ದರಲ್ಲ, ಮಲಗಿ ಎಂದೆ. “ಆಮೇಲೆ” ಎಂದರು.

ಊಟದ ಹೊತ್ತಿಗೆ ಪಾದ್ರಿಗಳು ಬಂದರು. ಓಡಿಕೊಂಡೇ ಬಂದಿದ್ದರು, ಮುಖ ಹೊಳೆಯುತ್ತಿತ್ತು.

“ಗಲ್ಲು ಆಗ್ಲಿಲ್ಲ! ತಡೆಯಾಜ್ಞೆ ಬಂತು! ಇನ್ನೇನು ಕರ್ಕೊಂಡು ಹೋಗ್ಬೇಕು, ಅಷ್ಟರಲ್ಲಿ ಬಂತು!”

ಮಾವನ ಕೈಯಲ್ಲಿ ಚಿಮುಟ ಹಾಗೇ ನಿಂತಿತು.

“ಅವನನ್ನ ವಾಪಸ್ ಕೋಣೆಗೆ ತಂದು ಕೂರಿಸಿದ್ರು. ಕೊನೆಯ ಪ್ರಾರ್ಥನೆಗೆ ಅಂತ ಹೋಗಿದ್ದ ನಾನು ಜೊತೆಗೇ ಇದ್ದೆ. ಆಗ ನಿಮ್ಮ ಗಂಟೆ ಶುರುವಾಯ್ತು ನೋಡಿ. ನಾನು ಒಳಗೆ, ಕೀಲಿ ಹೊರಗೆ, ಏನು ಮಾಡಲಿ? ಅವನು ಒಂದೊಂದೇ ಏಟು ಎಣಿಸ್ದ. ತನ್ನ ವಯಸ್ಸಿಗೆ ಬಂದು ನಿಂತಾಗ ನನ್ನ ಕೈ ಹಿಡ್ಕೊಂಡು ಕೇಳ್ದ, ಯಾರು ಹೊಡೆದಿದ್ದು ಅಂತ. ಸತ್ತವರ ಅಣ್ಣನೇ ಕಣಪ್ಪ ಅಂದೆ. ನಂಬಲಿಲ್ಲ. ‘ನನಗಾ? ಅಷ್ಟು ಚೆನ್ನಾಗಿ ಹೊಡೆದ್ರಾ ನನಗೆ?’ ಅಂತ ಹೋ ಅಂತ ಅತ್ತ. ಕೋರ್ಟಿನಲ್ಲಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ ಅವನು!” ಪಾದ್ರಿಗಳು ಮಾವನ ಎರಡೂ ಕೈ ಹಿಡಿದುಕೊಂಡರು. “ನಾವೆಲ್ಲ ಬಾಯಲ್ಲಿ ಹೇಳಿದ್ದನ್ನ ನೀವು ಮಾಡಿ ತೋರಿಸಿದ್ರಿ. ಕ್ಷಮಿಸಿಬಿಟ್ರಿ.”

ಮಾವ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು “ಹ್ಞೂಂ” ಎಂದೂ ಅನ್ನಲಿಲ್ಲ, ಆದರೆ ಪಾದ್ರಿಗಳ ಕಿವಿಗೆ ಅದು ಕೇಳಿಸಿತು.

ತಡೆಯಾಜ್ಞೆಯ ಸುದ್ದಿ ಕಲಂ ಹಿರಿಯರಿಗೆ ಗಂಟೆಗಿಂತಲೂ ಮೊದಲೇ ಗೊತ್ತಿತ್ತು ಎಂದು ಸಂಜೆ ತಿಳಿಯಿತು. ಕೋರ್ಟಿನ ಹಳೆಯ ಗೆಳೆಯ ಫೋನ್ ಮಾಡಿದ್ದನಂತೆ. ಗೋಪುರದ ಕೆಳಗೆ ಬಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಯಾಕೆ ಬರಲಿಲ್ಲ ಎಂದು ಕೇಳಿಯೇಬಿಟ್ಟೆ.

“ಜೈಲಿಂದ ಗೋಪುರಕ್ಕೆ ಯಾರೂ ಸುದ್ದಿ ತರಬಾರದು ಅಂತ ನಿರ್ಣಯ ಇದೆಯಲ್ಲಮ್ಮ” ಎಂದರು ನೊಂದುಕೊಂಡು. “ನಿರ್ಣಯ ಮಾಡಿದವನೇ ಮುರಿದ್ರೆ ಹೇಗೆ? ಒಳಗೇ ಕೂತು ಒದ್ದಾಡಿಬಿಟ್ಟೆ.”

ಒಬ್ಬರು ಸಂತೋಷದಲ್ಲಿ ಒಳಗೆ ಸಿಕ್ಕಿಕೊಂಡರು, ಇನ್ನೊಬ್ಬರು ನಿಯಮದಲ್ಲಿ. ನಡುವೆ ಬದುಕಿದ್ದವನು ತನ್ನ ಸಾವಿನ ಗಂಟೆಯನ್ನು ಎಣಿಸಿ ಮುಗಿಸಿದ. ಬುದ್ಧಿವಂತರೆಲ್ಲ ಸೇರಿ ಮಾಡಿದ ತಪ್ಪು ಇಷ್ಟು ಅಚ್ಚುಕಟ್ಟಾಗಿ ಇರುತ್ತದೆ.

ಅಂದಿನಿಂದ ಮಾವ ಸಂತರು. ಕೆಟ್ಟಿರದ ಗಡಿಯಾರಗಳನ್ನು ಜನ ರಿಪೇರಿಗೆ ತಂದರು, ಸುಮ್ಮನೆ ಮುಖ ನೋಡಲು. ಪಾದ್ರಿಗಳ ಪ್ರಸಂಗದಲ್ಲಿ ಇನ್ನೊಂದು ಕೆನ್ನೆಯ ಜಾಗಕ್ಕೆ ಮಾವನ ಗಂಟೆ ಬಂತು. ಕಲಂ ಹಿರಿಯರೂ ಸೋಲಲಿಲ್ಲ. ಕ್ಷಮಿಸುವುದು ಮನುಷ್ಯನ ಕೆಲಸ, ಶಿಕ್ಷಿಸುವುದು ಸರ್ಕಾರದ ಕೆಲಸ. ಇವರು ಕ್ಷಮಿಸಲಿ, ಸರ್ಕಾರ ನೇಣಿಗೆ ಹಾಕಲಿ, ಇಬ್ಬರೂ ತಂತಮ್ಮ ಕರ್ತವ್ಯ ಮಾಡಿದ ಹಾಗಾಯಿತು ಎಂದು ವಿವರಿಸಿದರು. ಮಾವ ಭಾನುವಾರ ಕೊನೆಯ ಬೆಂಚಿಗೆ ಹೋಗಿ ಕೂತರು. ಅದನ್ನೂ ಜನ ವಿನಯ ಎಂದರು.

“ನಿಜ ಹೇಳ್ಬಿಡಿ ಮಾವ” ಎಂದೆ ನಾನು.

“ಏನಂತ ಹೇಳ್ಲಿ? ಖುಷಿಗೆ ಹೊಡೆದೆ ಅಂತಲಾ?” ಎಂದರು. “ಬಾಯಿ ಬಿಟ್ರೆ ಬಣ್ಣಗೇಡು.”

ಹೊಗಳಿಕೆಯನ್ನೆಲ್ಲ ಅವರು ಹೇಗೋ ನುಂಗಿಕೊಂಡಿರುತ್ತಿದ್ದರು. ಆದರೆ ಚಿಕ್ಕತ್ತೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಕಿಟಕಿ ಮುಚ್ಚಿತು. ಮಾವನೇ ಹೋಗಿ ಬಾಗಿಲು ತಟ್ಟಿದಾಗ ಅರ್ಧ ಬಾಗಿಲು ತೆರೆದು, ಬಾಯಲ್ಲಿ ದಾರ ಕಚ್ಚಿಕೊಂಡೇ ಒಂದು ಮಾತು ಕೇಳಿದರು.

“ಕ್ಷಮಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಭಾವ? ಸತ್ತಿದ್ದು ನನ್ನ ಗಂಡ ಅಲ್ವಾ?”

ಬಾಗಿಲು ಹಾಕಿಕೊಂಡಿತು. ಮಾವ ರಸ್ತೆ ದಾಟಿ ಬಂದು ಮೆಟ್ಟಿಲ ಮೇಲೆ ಕೂತರು. ಮಾಡದ ಪುಣ್ಯಕ್ಕೆ ಶಿಕ್ಷೆ ಅನುಭವಿಸಿದವರು ಬಹುಶಃ ಅವರೊಬ್ಬರೇ. ನಗು ಬರಬೇಕಿತ್ತು ನನಗೆ. ಅವರ ಬಗ್ಗಿದ ಬೆನ್ನು ನೋಡಿ ಬರಲಿಲ್ಲ.

ತಡೆಯಾಜ್ಞೆ ಎಂದರೆ ಮುಗಿಯಿತು ಅಂತಲ್ಲ. ಕ್ಷಮಾದಾನದ ಅರ್ಜಿ ಮೇಲಕ್ಕೆ ಹೋಗುವ ಮುಂಚೆ ಸತ್ತವರ ಮನೆಯವರ ಮಾತನ್ನೂ ಕೇಳುವ ಕ್ರಮವಿತ್ತು, ಮತ್ತು ಆ ಮಾತಿಗೆ ತೂಕವಿತ್ತು. ಮನೆಯವರು ಕ್ಷಮಾದಾನ ಬೇಡ ಎಂದರೆ ಡ್ರೈವರ್ ಬದುಕುವುದು ಕಷ್ಟ ಎಂದು ಕಲಂ ಹಿರಿಯರೇ ಹೇಳಿದರು. ಹಾಗಾಗಿ ಒಂದು ಬೆಳಗ್ಗೆ ನಾವು ಮೂವರೂ ಸರ್ಕಾರಿ ಕಚೇರಿಯ ಉದ್ದನೆಯ ಕೋಣೆಯಲ್ಲಿ ಕೂತೆವು. ಮಾವ, ಮೂರು ಕುರ್ಚಿ ಬಿಟ್ಟು ಚಿಕ್ಕತ್ತೆ, ನಡುವೆ ಚಿಕ್ಕತ್ತೆಯ ಪಕ್ಕಕ್ಕೆ ನಾನು. ಹಿಂದಿನ ಬೆಂಚಿನಲ್ಲಿ ಒಂದು ತುದಿಗೆ ಪಾದ್ರಿಗಳು, ಇನ್ನೊಂದು ತುದಿಗೆ ಕಲಂ ಹಿರಿಯರು. ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಕೇಳಿದರು.

“ನೀವು ಇವನನ್ನ ಕ್ಷಮಿಸಿದ್ದೀರಿ ಅಂತ ಅರ್ಜಿಯಲ್ಲಿದೆ. ಗಂಟೆ ಹೊಡೆದ್ರಂತೆ.”

ಮಾವ ಎದ್ದು ನಿಂತರು. ಚಿಕ್ಕತ್ತೆಯ ಕಡೆ ನೋಡಿದರು.

“ಕ್ಷಮಿಸಿಲ್ಲ ಮೇಡಂ. ಗಂಟೆ ಹೊಡೆದಿದ್ದು ಖುಷಿಗೆ. ಸತ್ತ ಅಂತ ಖುಷಿಗೆ.”

ಹಿಂದೆ ಬೆಂಚು ಕಿರುಗುಟ್ಟಿತು. ತಿರುಗಿ ನೋಡಿದೆ. ಪಾದ್ರಿಗಳು ಕಣ್ಣು ಮುಚ್ಚಿಕೊಂಡಿದ್ದರು. ಕಲಂ ಹಿರಿಯರು ನೆಟ್ಟಗೆ ಕೂತಿದ್ದರು. ಚಿಕ್ಕತ್ತೆ ಮಾವನನ್ನು ನೋಡುತ್ತಿದ್ದರು.

“ಅಂದ್ರೆ ಗಲ್ಲು ಆಗ್ಬೇಕು ಅಂತೀರಿ” ಎಂದು ಅಧಿಕಾರಿ ಪೆನ್ನು ತೆಗೆದರು.

“ಆಗಿದೆಯಲ್ಲ ಮೇಡಂ.”

“ಏನು?”

“ಆ ಬೆಳಗ್ಗೆ ಆಯ್ತಲ್ಲ. ನಾನೇ ಗಂಟೆ ಹೊಡೆದು ಮುಗಿಸ್ದೆ. ಊಟದ ಹೊತ್ತಿನ ತನಕ ನನ್ನ ಪಾಲಿಗೆ ಅವನು ಸತ್ತೇ ಇದ್ದ. ಅದಕ್ಕೋಸ್ಕರಾನೇ ಇಷ್ಟು ವರ್ಷ ಜೀವ ಹಿಡ್ಕೊಂಡಿದ್ದೆ ನಾನು. ಸಿಕ್ತು. ಹೊಟ್ಟೆ ತುಂಬ ತಿಂದೆ. ಅಂಗಡಿ ತೆಗೆದು ಕೂತೆ, ಈಗ ಹಗುರ ಆಗುತ್ತೆ, ಈಗ ಆಗುತ್ತೆ ಅಂತ. ಒಂದು ಗಡಿಯಾರ ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಅವನು ಸತ್ತಿದ್ದ. ನನ್ನ ತಮ್ಮನೂ ಹಾಗೇ ಸತ್ತಿದ್ದ. ಒಬ್ಬರ ಬದಲು ಇಬ್ಬರು ಸತ್ತಿದ್ರು, ಅಷ್ಟೇ ಆಗಿದ್ದು. ಬೇರೆಯವರು ಗಲ್ಲು ಆಗೋ ತನಕ ಕಾಯ್ಬೇಕು ಇದು ತಿಳ್ಕೊಳ್ಳೋಕೆ. ನನಗೆ ಮೊದಲೇ ತೋರಿಸ್ಬಿಟ್ರು ಇವರು” ಎಂದು ಹಿಂದಿನ ಬೆಂಚಿನ ಕಡೆ ಕೈ ಮಾಡಿದರು. “ಇನ್ನೊಂದು ಸಲ ಗಲ್ಲು ಬೇಡ ಮೇಡಂ. ಬದುಕಲಿ.”

ಮಾವ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಧಿಕಾರಿ ಮೂಗು ಒರೆಸಿಕೊಂಡರು. ನೆಗಡಿಗೋ ಬೇರೆ ಯಾತಕ್ಕೋ ಗೊತ್ತಿಲ್ಲ.

“ಹಾಗಾದ್ರೆ ನಾನು ಏನಂತ ಬರ್ಕೊಳ್ಳಲಿ? ಕ್ಷಮಿಸಿಲ್ಲ ಅಂತೀರಿ, ಗಲ್ಲೂ ಬೇಡ ಅಂತೀರಿ.” ಚಿಕ್ಕತ್ತೆಯ ಕಡೆ ತಿರುಗಿದರು. “ನೀವೇನಮ್ಮ ಹೇಳ್ತೀರಿ?”

ಇಷ್ಟು ವರ್ಷದಲ್ಲಿ ಅವರನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಚಿಕ್ಕತ್ತೆ ಎದ್ದು ನಿಲ್ಲಲಿಲ್ಲ. ಮಡಿಲಲ್ಲಿದ್ದ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಭಾವನ ಗಂಟೆ ಕೇಳಿ ಕಿಟಕಿ ತೆಗೆದೆ. ನನಗೂ ಖುಷಿ ಆಯ್ತು, ಸುಳ್ಳು ಹೇಳಲ್ಲ. ಎಷ್ಟೋ ದಿನ ಆದ ಮೇಲೆ ಸರಿಯಾಗಿ ಅಡುಗೆ ಮಾಡ್ದೆ. ಮಾಡಿ ಮೇಜಿನ ಮೇಲೆ ಎಲ್ಲ ಇಟ್ಟೆ. ಇಟ್ಟು ನೋಡ್ತೀನಿ, ಎರಡು ತಟ್ಟೆ ಹಾಕಿದೀನಿ.”

ಚಿಕ್ಕತ್ತೆ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು.

“ಎಲ್ಲ ಮುಗೀತಲ್ಲ, ಇನ್ನು ಬರ್ತಾರೆ ಅಂತ ಕೈ ತಾನಾಗೇ ಹಾಕ್ಬಿಟ್ಟಿತ್ತು. ಆ ಎರಡನೇ ತಟ್ಟೆ ಎತ್ತಿ ಒಳಗಿಟ್ಟೆ ನೋಡಿ ಅಮ್ಮ, ಅವರು ಸತ್ತ ದಿನಾನೂ ನನಗೆ ಹಾಗಾಗಿರಲಿಲ್ಲ. ಇನ್ನೊಂದು ಸಲ ಆ ತಟ್ಟೆ ಎತ್ತಿಡೋ ಶಕ್ತಿ ನನಗಿಲ್ಲ. ಅವನು ಜೈಲಲ್ಲೇ ಇರಲಿ. ಬದುಕಿರಲಿ, ಹಾಳಾಗಿ ಹೋಗಲಿ, ನನ್ನ ಮನೆಗೆ ಅವನ ಸಾವಿನ ಸುದ್ದಿ ಬರೋದು ಬೇಡ.”

ನಾನು ಎದ್ದು ಮಾವನಿಗೆ ನನ್ನ ಕುರ್ಚಿ ಬಿಟ್ಟುಕೊಟ್ಟೆ. ಮಾವ ಬಂದು ಚಿಕ್ಕತ್ತೆಯ ಪಕ್ಕದಲ್ಲಿ ಕೂತರು. ವಾಪಸ್ ಬರುವಾಗ ಚಿಕ್ಕತ್ತೆಯ ಕೈಚೀಲ ಮಾವನ ಕೈಯಲ್ಲಿತ್ತು.

ಕೆಲವು ತಿಂಗಳಾದ ಮೇಲೆ ಆದೇಶ ಬಂತು. ಗಲ್ಲು ಹೋಗಿ ಸಾಯುವ ತನಕ ಜೈಲು ಎಂದಾಯಿತು. ಪಾದ್ರಿಗಳ ಕಡೆಯವರು ಕರುಣೆ ಗೆದ್ದಿತು ಎಂದು ಕೃತಜ್ಞತಾ ಪ್ರಾರ್ಥನೆ ಇಟ್ಟುಕೊಂಡರು. ಕಲಂ ಹಿರಿಯರ ಕಡೆಯವರೂ ಅದಕ್ಕೆ ಬಂದರು. ಕತ್ತಿ ಹಿಡಿದ ಅಧಿಕಾರಿಗೆ ಅದನ್ನು ಕೆಳಗಿಡುವ ಹಕ್ಕೂ ಇದೆ, ಹಾಗಾಗಿ ಗೆದ್ದದ್ದು ತಾವೇ ಎಂದು. ಇಬ್ಬರೂ ಗೆದ್ದ ಜಗಳವನ್ನು ನಾನು ಅದೊಂದೇ ನೋಡಿದ್ದು. ಸಂತರ ಪಟ್ಟದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ, ಮಾವ ಮತ್ತೆ ಟಿಕ್‌ಟಿಕ್ ಆದರು.

ಆ ಪ್ರಾರ್ಥನೆಗೆ ಗಂಟೆ ಹೊಡೆಯಬೇಕೆಂದು ಕೇಳಲು ಪಾದ್ರಿಗಳು ಅಂಗಡಿಗೆ ಬಂದಿದ್ದರು. ಮಾವ ತಲೆ ಎತ್ತದೆ, ಅದಕ್ಕೆ ಯಾರು ಬೇಕಾದರೂ ಹೊಡೆಯಬಹುದಲ್ಲ ಎಂದರು. ಪಾದ್ರಿಗಳು ಹೋಗಲಿಲ್ಲ. ಬಾಗಿಲಲ್ಲಿ ನಿಂತು, ಪ್ರಸಂಗದ ದನಿ ಬಿಟ್ಟು, ಮಗುವಿನ ಹಾಗೆ ಕೇಳಿದರು.

“ಈಗಲಾದ್ರೂ ಕ್ಷಮಿಸಿದ್ರಾ?”

ಮಾವ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ಉಜ್ಜಿಕೊಂಡರು.

“ಇಲ್ಲ ಪಾದ್ರಿಗಳೇ. ಬದುಕಲಿ ಅಂದೆ. ನನ್ನ ಕೈಯಲ್ಲಿ ಆಗಿದ್ದು ಅಷ್ಟೇ.”